ಹೋಗುವ ಮೊದಲೇ ಹೋದ ದನಿ

ಕಾರಣ ತಿಳಿಯದ ಅನುಭವಗಳ ಬಗ್ಗೆ ಜನ ಬರೆದದ್ದನ್ನು ಓದುವಾಗ ನಾನು ಹುಡುಕುತ್ತಿದ್ದುದು ಒಂದನ್ನೇ: ಬರೆದವರು ಎಲ್ಲಿ ಎಡವಿದ್ದಾರೆ ಎಂಬುದನ್ನು. ಸಾಮಾನ್ಯವಾಗಿ ಅದು ಸಿಕ್ಕಿಬಿಡುತ್ತಿತ್ತು. ಅವರು ಒಬ್ಬರೇ ಇದ್ದರು, ಕತ್ತಲಿತ್ತು, ಜ್ವರವಿತ್ತು, ಇಲ್ಲವೇ ಘಟನೆ ನಡೆದು ಮೂವತ್ತು ವರ್ಷವಾಗಿತ್ತು. ಪುಟ ಮುಚ್ಚಿ ನನ್ನ ಕೆಲಸಕ್ಕೆ ಹೋಗುತ್ತಿದ್ದೆ. ನೀವು ನನ್ನ ಈ ಬರಹವನ್ನೂ ಹಾಗೆಯೇ ಓದಬಹುದು, ನನಗೆ ಬೇಸರವಿಲ್ಲ. ನಾಲ್ಕು ವರ್ಷದಿಂದ ನಾನೇ ಆ ಬೆಳಿಗ್ಗೆಯನ್ನು ಅದೇ ಅನುಮಾನದಿಂದ ಮತ್ತೆ ಮತ್ತೆ ನೋಡಿದ್ದೇನೆ. ಎಡವಿದ ಜಾಗ ಸಿಕ್ಕಿಲ್ಲ. ಸಿಕ್ಕಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನಾನು ಕಂಪ್ಯೂಟರ್ ವಿಷಯದಲ್ಲಿ ಎಂ.ಎಸ್ಸಿ. ಮಾಡಿದವಳು. ಚಾಮರಾಜನಗರದಲ್ಲಿ ಅಮ್ಮನ ಜೊತೆ ಇದ್ದೇನೆ. ಆಗಲೂ ಈಗಲೂ ಒಂದು ಸಣ್ಣ ಟ್ರಸ್ಟಿನಲ್ಲಿ ಕೆಲಸ. ಕಣ್ಣು ಕಾಣದವರು ಬಂದು ಓದಲು ಬರೆಯಲು ಆ ಟ್ರಸ್ಟು ನಾಲ್ಕು ಕಡೆ ಕೋಣೆಗಳನ್ನು ನಡೆಸುತ್ತಿತ್ತು: ಚಾಮರಾಜನಗರ, ಗುಂಡ್ಲುಪೇಟೆ, ಚಂದಕವಾಡಿ, ಉಮ್ಮತ್ತೂರು. ಯಾರೋ ಬಳಸಿ ಬಿಟ್ಟ ಹಳೆಯ ಕಂಪ್ಯೂಟರ್‌ಗಳು, ಅವುಗಳನ್ನು ನಡೆಸಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ, ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ, ಅದಕ್ಕೊಂದು ಕನ್ನಡದ ದನಿ. ಎಲ್ಲವನ್ನೂ ನೋಡಿಕೊಳ್ಳುವವಳು ನಾನೊಬ್ಬಳೇ. ಮನೆಯಲ್ಲೇ ಕುಳಿತು ನನ್ನ ಲ್ಯಾಪ್‌ಟಾಪಿನಿಂದ ನಾಲ್ಕೂ ಕೋಣೆಗಳ ಯಂತ್ರಗಳೊಳಗೆ ಹೋಗಿ ಬರಬಹುದಿತ್ತು.

ಆ ಕನ್ನಡದ ದನಿಯ ಬಗ್ಗೆ ಸ್ವಲ್ಪ ಹೇಳಬೇಕು. ಯಾವುದೋ ಕಾಲೇಜಿನ ಮೇಷ್ಟ್ರು, ಮಕ್ಕಳು ಸೇರಿ ಎಷ್ಟೋ ವರ್ಷದ ಹಿಂದೆ ಮಾಡಿದ್ದು. ಹೆಂಗಸಿನ ದನಿ, ಕೊಂಚ ನೆಗಡಿಯಾದವರ ಹಾಗೆ. ಅದನ್ನು ಇಟ್ಟಿದ್ದ ಜಾಲತಾಣ ಮುಚ್ಚಿಹೋಗಿತ್ತು. ನಮ್ಮ ಯಂತ್ರಗಳೊಳಗೆ ಉಳಿದದ್ದಷ್ಟೇ ನನಗೆ ಗೊತ್ತಿದ್ದ ಪ್ರತಿ. ಬೇರೆಡೆ ಒಂದು ನಕಲು ತೆಗೆದಿಡಬೇಕು ಎಂದುಕೊಳ್ಳುತ್ತಲೇ ಇದ್ದೆ, ತೆಗೆದಿಟ್ಟಿರಲಿಲ್ಲ.

ಗುಂಡ್ಲುಪೇಟೆಯ ಕೋಣೆ ಊಟಿ ರಸ್ತೆಯಿಂದ ಒಂದು ತಿರುವು ಒಳಗೆ, ಒಂದು ಮನೆಯ ಕೆಳಭಾಗದಲ್ಲಿತ್ತು. ಮೇಲಿನ ಮನೆಯವರು ಕಬ್ಬಿಣದ ಬಾಗಿಲು, ಕಿಟಕಿ ಮಾಡುವ ಮುಸ್ಲಿಂ ಕುಟುಂಬ. ಅವರ ಮಗಳು ನಸೀಮಾ ಹುಟ್ಟುಕುರುಡಿ. ಕೊನೆಯ ವರ್ಷದ ಬಿ.ಎ. ಓದುತ್ತಿದ್ದಳು. ಕೋಣೆಯ ಬೀಗದ ಕೈ ಮಾತ್ರ ಹಿತ್ತಿಲ ಕಡೆ ಬಾಡಿಗೆಗಿದ್ದ ಮಾದೇವಮ್ಮನ ಹತ್ತಿರ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಸಂಜೆ ಬೀಗ ಹಾಕುವಾಗ ಆಕೆ ಮೇನ್ ಸ್ವಿಚ್ಚನ್ನೇ ಇಳಿಸಿಬಿಡುತ್ತಿದ್ದರು. ಬೇಡ ಎಂದು ನಾನು ಹೇಳಿದ್ದಕ್ಕೆ, "ಕರೆಂಟ್ ನಂಬ್ಬಾರ್ದು ಕಣಮ್ಮಿ. ನಾವ್ ಮನ್ಗ್ದಾಗ ಅದೂ ಮನ್ಗ್ಲಿ ಬುಡು" ಎಂದಿದ್ದರು. ಹಾಗಾಗಿ ರಾತ್ರಿಯೆಲ್ಲ ಆ ಕೋಣೆಯಲ್ಲಿ ಕಂಪ್ಯೂಟರೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಬೆಳಿಗ್ಗೆ ಆರರ ಸುಮಾರಿಗೆ ಆಕೆ ಬೀಗ ತೆಗೆದು ಮೇನ್ ಹಾಕಿದೊಡನೆ ಯಂತ್ರಗಳು ತಾವಾಗಿಯೇ ಹೊತ್ತಿಕೊಳ್ಳುವಂತೆ ನಾನು ಮಾಡಿದ್ದೆ. ಜನ ಬರುವ ಮೊದಲು ಅಪ್‌ಡೇಟ್‌ಗಳು ಇಳಿದು, ಹಾಕಿಕೊಂಡು, ಬೇಡವಾದದ್ದು ಅಳಿದುಹೋಗುತ್ತಿತ್ತು. ಯಾರೂ ಏನೂ ಒತ್ತಬೇಕಾಗಿರಲಿಲ್ಲ. ಆ ಏರ್ಪಾಡಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

'ಬೇಡವಾದದ್ದು' ಎಂದರೇನು ಎಂದು ನಾನು ಆಗ ಸಾಕಷ್ಟು ಯೋಚಿಸಿರಲಿಲ್ಲ. ಲಿನಕ್ಸಿನಲ್ಲಿ ಒಂದು ತಂತ್ರಾಂಶವನ್ನು ನಾವು ಹೆಸರು ಹಿಡಿದು ಕೇಳಿ ಹಾಕಿಸಿಕೊಳ್ಳುತ್ತೇವೆ. ಅದಕ್ಕೆ ಬೇಕಾದ ಇನ್ನು ಕೆಲವು ಅದರ ಬೆನ್ನಿಗೆ ತಾವಾಗಿ ಬರುತ್ತವೆ. ಮುಂದೆ ಎಂದಾದರೂ ಮುಖ್ಯವಾದದ್ದು 'ಇವು ನನಗೆ ಬೇಕಿಲ್ಲ' ಎಂದರೆ, ಬೆನ್ನಿಗೆ ಬಂದವು ಅನಾಥವಾಗುತ್ತವೆ. ಆಗ ಅವನ್ನು ತೆಗೆದುಹಾಕು ಎಂಬ ವ್ಯವಸ್ಥೆಯಿದೆ. ನಮ್ಮ ಯಂತ್ರಗಳಲ್ಲಿ ಜಾಗ ಕಡಿಮೆಯಿದ್ದುದರಿಂದ ನಾನು ಅದನ್ನು ಚಾಲೂ ಮಾಡಿಟ್ಟಿದ್ದೆ. ದಿನವೂ ಯಾರು ಏನನ್ನು ಬಳಸುತ್ತಿದ್ದಾರೆ ಎಂಬುದನ್ನು ಆ ವ್ಯವಸ್ಥೆ ನೋಡುವುದಿಲ್ಲ. ಯಾರಾದರೂ ಹೆಸರು ಹಿಡಿದು ಕೇಳಿದ್ದರೇ ಎಂಬುದನ್ನಷ್ಟೇ ನೋಡುತ್ತದೆ. ಕನ್ನಡದ ದನಿಯನ್ನು ಯಾರೂ ಹೆಸರು ಹಿಡಿದು ಕೇಳಿರಲಿಲ್ಲ. ಅದು ಪರದೆ ಓದುವ ತಂತ್ರಾಂಶದ ಬೆನ್ನಿಗೆ ಬಂದಿತ್ತು.

ಆ ವರ್ಷ ನಸೀಮಾ ಒಂದು ಹಟ ಹಿಡಿದಿದ್ದಳು. ಅದುವರೆಗೆ ಅವಳ ಪರೀಕ್ಷೆಗಳನ್ನು ಬೇರೊಬ್ಬ ಹುಡುಗ ಬರೆಯುತ್ತಿದ್ದ. ಇವಳು ಹೇಳಬೇಕು, ಅವನು ಬರೆಯಬೇಕು. "ನಾನು ಒಂದು ಪುಟ ಹೇಳಿದ್ರೆ ಅವ್ನು ನಾಲ್ಕು ಸಾಲು ಬರೀತಾನೆ ಅಕ್ಕಾ. 'ಸಾಕು ಬಿಡು, ಮೇಷ್ಟ್ರು ಅಷ್ಟೆಲ್ಲ ಓದಲ್ಲ' ಅಂತಾನೆ. ಅವನ ಕೈ ನೋವಿಗೆ ನನ್ನ ಮಾರ್ಕ್ಸು" ಎಂದು ನಗುತ್ತಲೇ ಹೇಳುತ್ತಿದ್ದಳು. ಕಂಪ್ಯೂಟರಿನಲ್ಲಿ ತಾನೇ ಬರೆಯುತ್ತೇನೆ ಎಂದು ಪ್ರಿನ್ಸಿಪಾಲರ ಹಿಂದೆ ಎರಡು ತಿಂಗಳು ಅಲೆದಳು. ಕೊನೆಗೆ ಅವರು ಒಪ್ಪಿದ್ದು ಹೀಗೆ: ಕಾಲೇಜಿನ ಒಳಪರೀಕ್ಷೆಯ ಚರಿತ್ರೆ ಪತ್ರಿಕೆಯನ್ನು ನಮ್ಮ ಕೋಣೆಯಲ್ಲಿ ಬರೆಯಲಿ, ಒಬ್ಬ ಮೇಷ್ಟ್ರು ಬಂದು ಕೂರುತ್ತಾರೆ. ಸರಿಹೋದರೆ ವಿಶ್ವವಿದ್ಯಾಲಯದ ಪರೀಕ್ಷೆಗೂ ಹಾಗೆಯೇ ಬಿಡಿ ಎಂದು ಕಾಗದ ಬರೆಯುತ್ತಾರೆ. ಯಂತ್ರ ಕೈಕೊಟ್ಟರೆ ಅದೇ ಹುಡುಗ ಬಂದು ಬರೆಯುತ್ತಾನೆ, ಮತ್ತೆ ಈ ಮಾತು ಎತ್ತಬಾರದು.

ಪರೀಕ್ಷೆ ಬೆಳಿಗ್ಗೆ ಒಂಬತ್ತೂವರೆಗೆ. ಹಿಂದಿನ ಸಂಜೆ ನಾನು ಆ ಯಂತ್ರವನ್ನು ಚಾಮರಾಜನಗರದಿಂದಲೇ ಪೂರ್ತಿ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಅವಳಿಗೆ ಹೇಳಿ ಮಲಗಿದೆ.

ಬೆಳಿಗ್ಗೆ ಎದ್ದು ಮುಖ ತೊಳೆದು ಬಂದಿದ್ದೆ. ಅಮ್ಮ ಒಲೆಯ ಹತ್ತಿರ ಕಾಫಿ ಸೋಸುತ್ತಿದ್ದರು. ಫೋನ್ ಬಂತು. ನಸೀಮಾ. ಐದು ಗಂಟೆ ನಲವತ್ತೆಂಟು ನಿಮಿಷ; ಇದನ್ನು ನೆನಪಿನಿಂದ ಹೇಳುತ್ತಿಲ್ಲ, ಫೋನಿನಲ್ಲಿ ದಾಖಲಾಗಿತ್ತು. ಎತ್ತಿದೊಡನೆ ಅಳು ಕೇಳಿಸಿತು.

"ಅಕ್ಕಾ, ಕನ್ನಡ ಓದ್ತಾ ಇಲ್ಲ. ಏನೋ ಹೊಸದು ಹಾಕ್ಕೊಂತು, ಆಮೇಲೆ ಹಿಂಗಾಯ್ತು. ಯಾರೋ ಗಂಡಸು ಮಾತಾಡ್ತಾನೆ, ಒಂದೊಂದು ಅಕ್ಷರಕ್ಕೂ ಇಂಗ್ಲಿಷ್‌ನಲ್ಲಿ ಏನೋ ಹೇಳ್ತಾನೆ."

ಅವಳ ಮಾತಿನ ಹಿಂದೆ ಆ ದನಿ ನನಗೂ ಕೇಳುತ್ತಿತ್ತು. ವಿದೇಶಿ ಗಂಡಸಿನ ದನಿ, ಏರಿಳಿತವಿಲ್ಲದೆ, ಒಂದೊಂದು ಅಕ್ಷರಕ್ಕೂ 'ಕನ್ನಡ ಲೆಟರ್' ಎಂದು ಹೇಳಿ, ಏನೋ ಸಂಖ್ಯೆ ಒದರಿ, ಮತ್ತೆ 'ಕನ್ನಡ ಲೆಟರ್' ಎನ್ನುತ್ತಿತ್ತು. ನಾನು ಹೇಳಿದ್ದು ಇಷ್ಟು: "ಅಳಬೇಡ ನಸೀಮಾ. ಏನನ್ನೂ ಮುಟ್ಟಬೇಡ. ಹತ್ತು ನಿಮಿಷ ಕೊಡು, ನಾನು ನೋಡ್ತೀನಿ." ಅವಳು, "ಅವನನ್ನೇ ಕರೆಸ್ತಾರೆ ಅಕ್ಕಾ, ಅವನೇ ಬರೀತಾನೆ" ಎಂದಳು. ಫೋನ್ ನಿಂತಿತು. ಒಂದು ನಿಮಿಷ ನಲವತ್ತು ಸೆಕೆಂಡು ಮಾತಾಗಿತ್ತು.

ಲ್ಯಾಪ್‌ಟಾಪ್ ತೆಗೆದು ಗುಂಡ್ಲುಪೇಟೆಯ ಯಂತ್ರಕ್ಕೆ ಹೋಗಲು ನೋಡಿದೆ. ಸಿಗಲಿಲ್ಲ. ಪರೀಕ್ಷೆಯ ದಿನವೆಂದು ಮಾದೇವಮ್ಮ ಬೇಗ ಬೀಗ ತೆಗೆದಿರಬೇಕು, ಇಂಟರ್ನೆಟ್ ಸರಿಯಿಲ್ಲವೇನೋ ಎಂದುಕೊಂಡು ನಿಮಿಷಕ್ಕೆರಡು ಸಲ ಪ್ರಯತ್ನಿಸಿದೆ. ಅಮ್ಮ ಕಾಫಿ ತಂದಿಟ್ಟರು, ಅದು ಆರಿತು. ಆರು ಗಂಟೆ ಮೂರು ನಿಮಿಷಕ್ಕೆ ಯಂತ್ರ ಸಿಕ್ಕಿತು. ಮೊದಲು ನೋಡಿದ್ದು ಕನ್ನಡದ ದನಿ ಇದೆಯೇ ಎಂದು. ಇತ್ತು. ಹಿಂದಿನ ಸಂಜೆ ಬಿಟ್ಟಿದ್ದ ಹಾಗೆಯೇ ಇತ್ತು. ಯಾವ ಅಪ್‌ಡೇಟೂ ಇನ್ನೂ ಹಾಕಿಕೊಂಡಿರಲಿಲ್ಲ. ರಾತ್ರಿ ಬಂದಿದ್ದವು ಆಗಷ್ಟೇ ಇಳಿಯುತ್ತಿದ್ದವು.

ಏನನ್ನೂ ಮಾಡದೆ, ಮಾಡಲಿರುವುದರ ಪಟ್ಟಿಯನ್ನು ಮಾತ್ರ ತೋರಿಸುವ ಒಂದು ಆಜ್ಞೆಯಿದೆ. ಅದನ್ನು ಕೊಟ್ಟೆ. ಪರದೆ ಓದುವ ತಂತ್ರಾಂಶದ ಹೊಸ ಆವೃತ್ತಿ ಬಂದಿತ್ತು. ಹೊಸದಕ್ಕೆ ಹಳೆಯ ಕನ್ನಡದ ದನಿ ಬೇಕಿರಲಿಲ್ಲ. ತೆಗೆದುಹಾಕಲಿರುವವು ಎಂಬಲ್ಲಿ ಒಂದೇ ಹೆಸರಿತ್ತು. ಆ ದನಿಯ ಹೆಸರು.

ಎರಡು ಸಲ ತಪ್ಪು ಒತ್ತಿದೆ. ಅಪ್‌ಡೇಟ್ ನಿಲ್ಲಿಸಿದೆ. ಆ ದನಿಯನ್ನು 'ಹೆಸರು ಹಿಡಿದು ಕೇಳಿದ್ದು' ಎಂದು ಗುರುತು ಹಾಕಿದೆ. ಹಾಗೆ ಮಾಡಿದರೆ ಅದನ್ನು ಅನಾಥವೆಂದು ತೆಗೆಯುವುದಿಲ್ಲ. ಉಳಿದ ಮೂರು ಕೋಣೆಗಳ ಯಂತ್ರಗಳು ಹೊತ್ತಿಕೊಂಡ ಹಾಗೆಲ್ಲ ಅವುಗಳಿಗೂ ಅದನ್ನೇ ಮಾಡಿದೆ. ಆ ಬೆಳಿಗ್ಗೆ ಹಾಗೆಯೇ ಬಿಟ್ಟಿದ್ದರೆ ನಾಲ್ಕೂ ಕಡೆ ಆ ದನಿ ಅಳಿದುಹೋಗುತ್ತಿತ್ತು. ಒಂಬತ್ತೂವರೆಯೊಳಗೆ ಅದನ್ನು ಮರಳಿ ತರುವ ದಾರಿ ನನಗೆ ಗೊತ್ತಿರಲಿಲ್ಲ.

ಆರೂವರೆಗೆ ನಸೀಮಾಗೆ ಫೋನ್ ಮಾಡಿದೆ. "ಓದ್ತಾ ಇದೆಯಾ?" ಎಂದೆ. "ಓದ್ತಾ ಇದೆ ಅಕ್ಕಾ, ನನಗಿಂತ ಚೆನ್ನಾಗಿ" ಎಂದು ನಕ್ಕಳು. ಅಳುವಿನ ಗುರುತೇ ಇರಲಿಲ್ಲ. ಪರೀಕ್ಷೆಯ ದಿನ ಅವಳ ಮನಸ್ಸು ಕದಡಬಾರದೆಂದು ನಾನು ಏನೂ ಕೇಳಲಿಲ್ಲ. ಆದರೆ ಮನೆಯಲ್ಲಿ ಕೂರಲೂ ಆಗಲಿಲ್ಲ. ಫೋನಿನಲ್ಲಿ ಕೇಳಿದ್ದನ್ನೆಲ್ಲ ಕೇಳಿದ ಹಾಗೆ ಅಮ್ಮನಿಗೆ ಹೇಳಿ, ಆ ದನಿ ಹೇಗಿತ್ತೆಂದು ಅಣಕಿಸಿಯೂ ತೋರಿಸಿ, ಉಳಿದ ಕೋಣೆಗಳ ಕೆಲಸ ಮುಗಿಸಿ, ಒಂಬತ್ತರ ಹೊತ್ತಿಗೆ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸು ಹತ್ತಿದೆ.

ನಾನು ತಲುಪುವ ಹೊತ್ತಿಗೆ ಪರೀಕ್ಷೆ ಶುರುವಾಗಿತ್ತು. ಮಾದೇವಮ್ಮ ಜಗುಲಿಯಲ್ಲಿ ಸೊಪ್ಪು ಸೋಸುತ್ತ, ಒಳಗೆ ಹೋಗುವವರನ್ನೆಲ್ಲ ಕಣ್ಣಿನಲ್ಲೇ ತಡೆಯುತ್ತಿದ್ದರು. ಬೆಳಿಗ್ಗೆ ಕೋಣೆ ಎಷ್ಟು ಹೊತ್ತಿಗೆ ತೆಗೆದಿರಿ ಎಂದು ಕೇಳಿದೆ.

"ಆರ್ ಗಂಟೆ ಆಗಿತ್ತು ಕಣವ್ವ. ಹಾಲ್ನೋನು ಬಂದ್ಮೇಲೇ ನಾನ್ ಬೀಗ ತಗ್ದಿದ್ದು. ಆ ಮೊಗ ಆಗ್ಲೇ ಮೆಟ್ಲ್ ಮೇಲೆ ಕೂತಿತ್ತು. 'ಯಾಕಮ್ಮಿ, ರಾತ್ರೆಲ್ಲ ಇಲ್ಲೇ ಮನ್ಗಿದ್ದಾ?' ಅಂದೆ."

"ಅಳ್ತಾ ಇದ್ಲಾ?"

"ಅಳಾದಾ? ನನ್ನೇ ಆಡ್ಕತು. ಬೀಗ ತಗ್ಯಕೆ ನಿಂಗೇ ಒಂದ್ ಪರೀಕ್ಸೆ ಇಡ್ಬೇಕು ಕಣಜ್ಜಿ, ಅಂತು. ಅಜ್ಜಿಯಂತೆ ನಾನು!"

ಯಂತ್ರದ ದಾಖಲೆಯೂ ಅದನ್ನೇ ಹೇಳಿತು. ಆ ಬೆಳಿಗ್ಗೆ ಅದು ಹೊತ್ತಿಕೊಂಡದ್ದು ಆರು ಗಂಟೆ ಎರಡು ನಿಮಿಷಕ್ಕೆ. ಅದಕ್ಕೆ ಮೊದಲು ಆ ಕೋಣೆಯಲ್ಲಿ ಫ್ಯಾನು ಕೂಡ ತಿರುಗುವಂತಿರಲಿಲ್ಲ.

ಹನ್ನೆರಡೂವರೆಗೆ ನಸೀಮಾ ಹೊರಗೆ ಬಂದಳು. ಕಾವಲಿಗೆ ಕೂತಿದ್ದ ಮೇಷ್ಟ್ರು ಅವಳಿಗಿಂತ ಹೆಚ್ಚು ಸಂಭ್ರಮದಲ್ಲಿದ್ದರು. ಹದಿನಾರು ಪುಟ ಎಂದು ಎರಡು ಸಲ ಹೇಳಿದರು. ಮೇಲಿನಿಂದ ಅವಳ ಅಮ್ಮಿ ನನಗೂ ಸೇರಿಸಿ ಚಹಾ ಕಳಿಸಿದರು. ಮೆಟ್ಟಿಲ ಮೇಲೆ ಕುಳಿತು, ಸುಮ್ಮನೆ ಕೇಳುವವಳ ಹಾಗೆ, ಬೆಳಿಗ್ಗೆ ಫೋನಿನಲ್ಲಿ ನೀನು ಏನು ಹೇಳಿದೆ ಎಂದು ಅವಳನ್ನು ಕೇಳಿದೆ.

"ಏನಿಲ್ಲ ಅಕ್ಕಾ, ಭಯ ಆಗ್ತಿತ್ತು. ಇಲ್ಲೇ ಕೂತಿದ್ದೆ. ಫೋನ್ ಹತ್ರ ಇಟ್ಕೊಳಿ ಅಂದೆ. ನೀವು 'ಇಟ್ಕೊಂಡಿರ್ತೀನಿ, ಚೆನ್ನಾಗಿ ಬರಿ' ಅಂದ್ರಿ. ಅಷ್ಟೇ. ಯಾಕೆ?"

ಅವಳ ಫೋನು ಕರೆಗಳ ಪಟ್ಟಿಯನ್ನು ಓದಿ ಹೇಳುತ್ತದೆ. ಓದಿಸಿದಳು. ಐದು ನಲವತ್ತೆಂಟು. ಒಂದು ನಿಮಿಷ ನಲವತ್ತು ಸೆಕೆಂಡು. ಕರೆ ಒಂದೇ. ಅದರಲ್ಲಿ ಅವಳು ಆಡಿದ ಮಾತು ಬೇರೆ, ನಾನು ಕೇಳಿದ ಮಾತು ಬೇರೆ. ಏನಿಲ್ಲ ಎಂದು ಹೇಳಿ ಚಹಾ ಕುಡಿದೆ.

ನಿದ್ದೆಗಣ್ಣಿನಲ್ಲಿ ಏನೋ ಕಲ್ಪಿಸಿಕೊಂಡಿರಬೇಕು ಎಂದು ಬಸ್ಸಿನಲ್ಲಿ ತೀರ್ಮಾನಿಸಿದೆ. ಅದೇ ಸುಲಭವಾದ ಉತ್ತರ. ಮನೆಗೆ ಬಂದು ಅಮ್ಮನನ್ನು ಕೇಳಿದೆ, ಬೆಳಿಗ್ಗೆ ನಾನು ಫೋನಿನಲ್ಲಿ ಮಾತಾಡಿದ್ದು ಕೇಳಿಸಿತಾ ಎಂದು. ಅಮ್ಮ ಪಾತ್ರೆ ತೊಳೆಯುತ್ತಲೇ ಹೇಳಿದರು: "ಕೇಳಿಸ್ದೆ ಏನು? ಅಳಬೇಡ, ಏನೂ ಮುಟ್ಬೇಡ, ಹತ್ತು ನಿಮಿಷ ಕೊಡು ಅಂದೆ. ಪಾಪ, ಆ ಹುಡ್ಗಿ ಪರೀಕ್ಷೆ ಬರೆದ್ಲಾ?" ಆ ಕಡೆಯ ದನಿ ಅಮ್ಮನಿಗೆ ಕೇಳಿರಲಿಲ್ಲ. ನನ್ನ ಮಾತು ಕೇಳಿತ್ತು. ನಾನು ಆಡಿದೆನೆಂದು ನಾನು ಹೇಳುವುದನ್ನೇ ಅಮ್ಮನೂ ಹೇಳಿದರು. ನಸೀಮಾಗೆ ಕೇಳಿದ್ದು ಅದಲ್ಲ.

ಇನ್ನೊಂದು ಸಾಧ್ಯತೆಯಿತ್ತು. ಹೊಸ ಆವೃತ್ತಿಯ ಬಗ್ಗೆ ಎಲ್ಲೋ ಓದಿ ಮರೆತಿದ್ದು, ಒಳಮನಸ್ಸು ಎಚ್ಚರಿಸಿರಬಹುದು. ಹುಡುಕಿದೆ. ಆ ಸುದ್ದಿ ಪ್ರಕಟವಾದದ್ದು ಹಿಂದಿನ ರಾತ್ರಿ, ನಾನು ಮಲಗಿದ ಮೇಲೆ. ಅದಿರಲಿ, ಆ ಗಂಡಸಿನ ದನಿ? ನಮ್ಮ ಯಾವ ಕೋಣೆಯಲ್ಲೂ ಕನ್ನಡದ ದನಿ ಎಂದೂ ಇಲ್ಲದೆ ಇರಲಿಲ್ಲ. ಅದು ಇಲ್ಲದಾಗ ಯಂತ್ರ ಏನು ಮಾಡುತ್ತದೆ ಎಂದು ನಾನು ಕೇಳಿಯೇ ಇರಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ, ನಮ್ಮ ಕಚೇರಿಯ ಒಂದು ಹಳೆಯ ಯಂತ್ರದಲ್ಲಿ, ದನಿಯ ನಕಲು ಮೂರು ಕಡೆ ತೆಗೆದಿಟ್ಟ ಮೇಲೆ, ಆ ಬೆಳಿಗ್ಗೆ ನಿಲ್ಲಿಸಿದ್ದ ಅಪ್‌ಡೇಟನ್ನು ಪೂರ್ತಿ ನಡೆಯಲು ಬಿಟ್ಟೆ. ಮುಗಿದ ಮೇಲೆ ಕನ್ನಡದ ಒಂದು ಪುಟ ತೆರೆದೆ. ಯಂತ್ರ ಮಾತಾಡಿತು. ಎರಡು ಸಾಲಿನ ನಂತರ ನಾನು ಸ್ಪೀಕರಿನ ವೈರು ಕಿತ್ತೆ. ಏರಿಳಿತ, ನಡುವಿನ ಬಿಡುವು, 'ಲೆಟರ್' ಎನ್ನುವ ರೀತಿ, ಎಲ್ಲವೂ ಅದೇ. ಅಮ್ಮನ ಮುಂದೆ ನಾನು ಅಣಕಿಸಿ ತೋರಿಸಿದ್ದು ಇದನ್ನೇ.

ಜೊತೆಗೆ ಓದಿದ ಗೆಳತಿಯೊಬ್ಬಳಿಗೆ ಮಾತ್ರ ಇದನ್ನು ಹೇಳಿದೆ. ಅವಳು ಸಮಾಧಾನದಿಂದ ಕೇಳಿ, "ಕಾಕತಾಳೀಯ ಅಂತ ಇಟ್ಕೋ, ಕೆಲಸ ಮಾಡು" ಎಂದಳು. ನಾನಾದರೂ ಅದನ್ನೇ ಹೇಳುತ್ತಿದ್ದೆ. ತಾನಾಗಿ ತೆಗೆದುಹಾಕುವ ವ್ಯವಸ್ಥೆಯನ್ನು ನಾಲ್ಕೂ ಕಡೆ ನಿಲ್ಲಿಸಿದೆ. ಈಗ ತಿಂಗಳಿಗೊಮ್ಮೆ ನಾನೇ ಪಟ್ಟಿ ನೋಡಿ, ಒಂದೊಂದು ಹೆಸರಿನ ಮುಂದೆಯೂ ಇದನ್ನು ಯಾರು ಬಳಸುತ್ತಿದ್ದಾರೆ ಎಂದು ಕೇಳಿ, ಆಮೇಲೆ ತೆಗೆಯುತ್ತೇನೆ. ನಿಧಾನದ ಕೆಲಸ.

ಪ್ರಿನ್ಸಿಪಾಲರು ಕಾಗದ ಬರೆದರು. ಅನುಮತಿ ಬಂತು. ನಸೀಮಾ ಕೊನೆಯ ಪರೀಕ್ಷೆಗಳನ್ನೆಲ್ಲ ತನ್ನ ಕೈಯಿಂದಲೇ ಬರೆದಳು. ಬಿ.ಎಡ್.ಗೆ ಮೈಸೂರಿಗೆ ಹೊರಡುವ ಮೊದಲು, ಯಾವುದೋ ಪ್ರಮಾಣಪತ್ರಕ್ಕೆಂದು ಚಾಮರಾಜನಗರಕ್ಕೆ ಬಂದವಳು ನಮ್ಮ ಕೋಣೆಗೆ ಬಂದು ಕುಳಿತಳು. ಅವತ್ತು ಮಧ್ಯಾಹ್ನ ಬೇರೆ ಯಾರೂ ಇರಲಿಲ್ಲ. ಇನ್ನು ಬಚ್ಚಿಡುವುದು ಸರಿಯಲ್ಲ ಎನಿಸಿತು. ದನಿ ಅಳಿಯುವಂತೆ ಮಾಡಿಟ್ಟವಳು ನಾನೇ ಎಂಬುದರಿಂದ ಶುರುಮಾಡಿ ಎಲ್ಲ ಹೇಳಿದೆ.

ಮೊದಲು ನಕ್ಕಳು. "ಅಂದ್ರೆ ನೀವೇ ಕೆಡಿಸೋದು, ನೀವೇ ಸರಿ ಮಾಡೋದು. ಚೆನ್ನಾಗಿದೆ ಅಕ್ಕಾ ನಿಮ್ಮ ಕೆಲಸ." ನಾನೂ ನಗಲು ನೋಡಿದೆ. ಆಮೇಲೆ ಅವಳು ಕೀಲಿಮಣೆಯ ಮೇಲೆ ಒತ್ತದೆ ಬೆರಳಾಡಿಸಿದಳು.

"ತುಂಬಾ ಅಳ್ತಿದ್ಲಾ?" ಎಂದು ಕೇಳಿದಳು.

ಅವಳು ತನ್ನನ್ನೇ ಬೇರೊಬ್ಬಳ ಹಾಗೆ ಕೇಳುತ್ತಿದ್ದಾಳೆ ಎಂಬುದು ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಹೌದು ಎಂದೆ.

"ಆಮೇಲೆ ಅವಳಿಗೆ ಫೋನ್ ಮಾಡಿದ್ರಾ?"

ಮಾಡಿದ್ದೆ. ಆರೂವರೆಗೆ, ಅದೇ ನಂಬರಿಗೆ. ಎತ್ತಿದವಳು ಇವಳು, ನಗುತ್ತ. ದನಿ ಕಳೆದುಕೊಂಡು ಅಳುತ್ತಿದ್ದ ಆ ಇನ್ನೊಬ್ಬಳಿಗೆ ಆ ಬೆಳಿಗ್ಗೆ ಪರೀಕ್ಷೆ ಯಾರು ಬರೆದರು ಎಂದು ನನಗೆ ಗೊತ್ತಿಲ್ಲ.